ಮುಳುಗಿದ ಹಡಗು, ತಡವಾದ ಸುದ್ದಿ

1971ರ ಡಿಸೆಂಬರ್ 10ರ ಬೆಳಿಗ್ಗೆ ದಿನಪತ್ರಿಕೆ ಬಿಡಿಸಿದವರಿಗೆ ಹೆಮ್ಮೆಪಡುವ ಸುದ್ದಿಯೊಂದಿತ್ತು. ಪಾಕಿಸ್ತಾನದ ‘ಘಾಝಿ’ ಜಲಾಂತರ್ಗಾಮಿ ವಿಶಾಖಪಟ್ಟಣದ ಬಳಿ ಮುಳುಗಿದೆಯೆಂದು ನೌಕಾಪಡೆ 9ರಂದು ಪ್ರಕಟಿಸಿತ್ತು. ಅದು ಮುಳುಗಿದ್ದು 3ರ ನಡುರಾತ್ರಿಯ ಹೊತ್ತಿಗೆ. ಆದರೆ ಆ ಪುಟದಲ್ಲಿ ಇಲ್ಲದ ಸಂಗತಿಯೂ ಒಂದಿತ್ತು. ಅದೇ 9ರ ರಾತ್ರಿ ಒಂಬತ್ತರ ಸುಮಾರಿಗೆ, ದಿಯು ತೀರದಾಚೆ, ನಮ್ಮ ‘ಖುಕ್ರಿ’ ಯುದ್ಧನೌಕೆಗೆ ‘ಹಂಗೋರ್’ ಎಂಬ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿತ್ತು. ಹಡಗು ಕೆಲವೇ ನಿಮಿಷಗಳಲ್ಲಿ ತಳ ಸೇರಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ.

ಭದ್ರಾವತಿಗೆ ಸಮುದ್ರವೆಂದರೆ ಘಟ್ಟದ ಕೆಳಗಿನ ಮಾತು. ನಮಗೆ ಗೊತ್ತಿದ್ದುದು ಹೊಳೆ, ಕಬ್ಬಿಣದ ಕಾರ್ಖಾನೆ, ಪಾಳಿ ಬದಲಾಗುವಾಗಿನ ಸೈರನ್ನು. ಆದರೂ ನ್ಯೂಟೌನಿನ ನಮ್ಮ ಸಾಲಿನಲ್ಲೇ ಒಬ್ಬ ಅಮ್ಮನ ಮಗ ನೌಕಾಪಡೆಯಲ್ಲಿದ್ದ. ಆಕೆಗೆ ಓದು ಬರುತ್ತಿರಲಿಲ್ಲ. ಶಾಲೆಯಿಂದ ಬಂದ ಕೂಡಲೇ ನಾನು ಪತ್ರಿಕೆ ಹಿಡಿದು ಅವರ ಜಗಲಿಯಲ್ಲಿ ಕೂರಬೇಕು. ಕರಾಚಿಯಲ್ಲಿ ಶತ್ರುವಿನ ಹಡಗು ಸುಟ್ಟ ವರದಿಯನ್ನು ನಾನು ಗಂಟಲೇರಿಸಿ ಓದಿದರೆ ತಡೆದುಬಿಡುತ್ತಿದ್ದರು. “ಅವರದ್ದು ಎಷ್ಟು ಮುಳುಗ್ತು ಅನ್ನೋದು ಬ್ಯಾಡ ಕಣೆ. ನಮ್ದು ಯಾವ್ದಾದ್ರೂ ಬರ್ದಿದಾರಾ ನೋಡು.” ಬರೆದಿಲ್ಲ ಅಂದರೆ, “ಬರ್ದಿಲ್ಲ ಅಂದ್ರೆ ಆಗಿಲ್ಲ ಅಂತಲಾ?” ಎಂದು ಕೇಳುವರು. ಅವರ ಮಗನ ಹಡಗು ಬೇರೆಯದು, ಕ್ಷೇಮವಾಗಿ ಬಂದ. ಆದರೆ ಯುದ್ಧಕಾಲದ ಸಮುದ್ರವಾರ್ತೆಯನ್ನು ಅಳೆಯಲು ಆ ಪ್ರಶ್ನೆಗಿಂತ ಒಳ್ಳೆಯ ಅಳತೆಗೋಲು ನನಗೆ ಇದುವರೆಗೆ ಸಿಕ್ಕಿಲ್ಲ.

ಘಾಝಿಯ ಸುದ್ದಿ ತಡವಾದದ್ದಕ್ಕೆ ಕಾರಣ ಬೇರೆ. ಮೀನುಗಾರರಿಗೆ ಹಡಗಿನ ಚೂರುಪಾರು ಸಿಕ್ಕಿತ್ತು. ಮುಳುಗುಗಾರರು ಇಳಿದು ನೋಡಿ ಖಚಿತಪಡಿಸಿಕೊಳ್ಳಬೇಕಿತ್ತು. ಇಂಥ ತಡವನ್ನು ನಾನು ಒಪ್ಪುತ್ತೇನೆ. ಅದಕ್ಕೂ ಮುಂಚೆ ಒಂದು ಸುಳ್ಳನ್ನೂ ಹೆಣೆದಿದ್ದರು. ಘಾಝಿ ಹುಡುಕಿ ಬಂದಿದ್ದು ‘ವಿಕ್ರಾಂತ್’ ವಿಮಾನವಾಹಕ ನೌಕೆಯನ್ನು. ಅದು ಅಂಡಮಾನಿನ ಕಡೆ ಹೋಗಿತ್ತು. ಅದು ವಿಶಾಖಪಟ್ಟಣದ ಬಳಿಯೇ ಇದೆಯೆಂದು ನಂಬಿಸಲು ವೈಸ್ ಅಡ್ಮಿರಲ್ ಕೃಷ್ಣನ್ ಹೂಡಿದ ಉಪಾಯಗಳಲ್ಲಿ ಒಂದು ತಂತಿ: ವಿಕ್ರಾಂತಿನ ನಾವಿಕನೊಬ್ಬ ತಾಯಿಯ ಆರೋಗ್ಯ ವಿಚಾರಿಸಿದಂತೆ! ಅಮ್ಮನ ಕಾಯಿಲೆಯನ್ನು ಯಾರು ತಾನೇ ಅನುಮಾನಿಸುತ್ತಾರೆ?

ಇನ್ನು ಸಮುದ್ರದ ಮೇಲಿದ್ದವರಿಗೇ ಸತ್ಯ ಗೊತ್ತಿರುತ್ತಿತ್ತೆ? 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯೆದುರು ‘ಖೈಬರ್’ ನೌಕೆಯನ್ನು ಹೊಡೆದಾಗ, ಅದರೊಳಗಿನವರು ವಿಮಾನದಾಳಿಯೆಂದೇ ತಿಳಿದು ನಿಸ್ತಂತು ಸಂದೇಶ ಕಳಿಸಿದರು. ಗಾಬರಿಯಲ್ಲಿ ತಾವಿದ್ದ ಜಾಗವನ್ನೂ ತಪ್ಪಾಗಿ ಹೇಳಿದ್ದರಿಂದ ರಕ್ಷಣೆಗೆ ಹೊರಟವರು ಹುಡುಕಾಡಬೇಕಾಯಿತು. ‘ಮುಹಾಫಿಝ್’ ಎಂಬ ಇನ್ನೊಂದು ಹಡಗಿಗೆ ಸಂದೇಶ ಕಳಿಸುವಷ್ಟೂ ಹೊತ್ತು ಸಿಗಲಿಲ್ಲ. 6ರಂದು ಪಾಕಿಸ್ತಾನದ ವಿಮಾನವೊಂದು ಭಾರತದ ದೋಣಿಯೆಂದು ಭಾವಿಸಿ ತಮ್ಮದೇ ‘ಝುಲ್ಫಿಕರ್’ ಮೇಲೆ ಗುಂಡಿನ ಮಳೆಗರೆಯಿತು. ಮೇಲಿನಿಂದ ಹೊಗೆ ನೋಡಿದವನು ಗೆಲುವೆಂದೇ ವರದಿ ಮಾಡುತ್ತಾನೆ. ಆ ವರದಿ ಪ್ರಕಟಣೆಯಾಗಿ, ಪ್ರಕಟಣೆ ತಲೆಬರಹವಾಗುವುದರೊಳಗೆ ಸುಳ್ಳು ಹೇಳಿದವರು ಯಾರೂ ಇಲ್ಲದೆಯೇ ಸುಳ್ಳು ಅಚ್ಚಾಗಬಹುದು. ಬೆಂಗಳೂರಿನ ಸಂಪಾದಕರಾಗಲಿ ಲಾಹೋರಿನವರಾಗಲಿ ನಡುಸಮುದ್ರಕ್ಕೆ ಹೋಗಿ ನೋಡಿ ಬರುವಂತಿರಲಿಲ್ಲ.

ಗೊತ್ತಿದ್ದೂ ಮುಚ್ಚಿಟ್ಟದ್ದು ಇದಕ್ಕಿಂತ ಭಾರವಾದ ವಿಷಯ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ‘ಬಾರ್ಹಮ್’ 1941ರ ನವೆಂಬರ್ 25ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿ 800ಕ್ಕೂ ಹೆಚ್ಚು ಜನ ಸತ್ತರು. ಅದು ಮುಳುಗಿದ್ದು ಜರ್ಮನರಿಗೆ ಖಾತ್ರಿಯಿರಲಿಲ್ಲವಾದ್ದರಿಂದ ಸರ್ಕಾರ 1942ರ ಜನವರಿ 27ರವರೆಗೆ ಬಾಯಿ ಬಿಡಲಿಲ್ಲ. ಆದರೆ ಸತ್ತವರ ಮನೆಗಳಿಗೆ ಮೊದಲೇ ಸಂತಾಪದ ಪತ್ರ ಹೋಯಿತು, ಯಾರಿಗೂ ಹೇಳಬೇಡಿ ಎಂಬ ಕೋರಿಕೆಯೊಂದಿಗೆ. ಗಂಡ ಸತ್ತದ್ದು ತಿಳಿದೂ ಹೆಂಗಸರು ಅಂಗಡಿಯ ಮುಂದೆ ರೇಷನ್ನಿಗೆ ಎಂದಿನಂತೆ ನಿಲ್ಲಬೇಕಿತ್ತು. ಹಡಗು ಎಲ್ಲಿದೆ ಎಂಬುದನ್ನು ಬಚ್ಚಿಡುವುದು ಸರಿ. ಸತ್ತವರಿಗಾಗಿ ಅಳುವುದನ್ನೂ ಬಚ್ಚಿಡಿ ಎನ್ನುವುದನ್ನು ಮಾತ್ರ ಯಾವ ಯುದ್ಧತಂತ್ರದ ಹೆಸರಿನಲ್ಲೂ ಒಪ್ಪಲು ನನಗಾಗದು.

ನಮ್ಮೂರಿನ ಕಾಗದ ಕಾರ್ಖಾನೆ 1980ರ ದಶಕದಿಂದ ಪತ್ರಿಕೆ ಮುದ್ರಿಸುವ ಕಾಗದವನ್ನೂ ಮಾಡಿತು. ಈಗ ಅದು ಬಾಗಿಲು ಮುಚ್ಚಿದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಚಿಕ್ಕಪ್ಪನ ಮನೆಯ ಅಟ್ಟದ ಮೇಲಿದ್ದ ಆ ಡಿಸೆಂಬರಿನ ಪತ್ರಿಕೆಗಳು ಮುಟ್ಟಿದರೆ ಪುಡಿಯಾಗುತ್ತವೆ. ಘಾಝಿ ಇನ್ನೂ ವಿಶಾಖಪಟ್ಟಣದೆದುರು ಸಮುದ್ರದ ತಳದಲ್ಲಿದೆ. ‘ರಜಪೂತ್’ ನೌಕೆ ಎಸೆದ ಸಿಡಿಗುಂಡಿನಿಂದ ಅದು ಮುಳುಗಿತೆಂದು ನಮ್ಮವರು, ಒಳಗಿನ ಆಸ್ಫೋಟದಿಂದಲೋ ತಾನೇ ಹಾಸಿದ ಮೈನಿನಿಂದಲೋ ಎಂದು ಅವರು, ಇಂದಿಗೂ ಬರೆಯುತ್ತಾರೆ. ಒಳಗಿದ್ದ 90ಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.