ಪ್ರಜೆಯೂ ಪ್ರತಿಜ್ಞೆಯೂ

ದೇಶದ ಮೇಲಣ ನಿಷ್ಠೆಯನ್ನು ಪ್ರಜೆಯಾದವನು ಬಾಯಿತೆರೆದು ಹೇಳಬೇಕೆ? ಹೇಳದಿದ್ದರೆ ಅವನ ನಿಷ್ಠೆಗೆ ಕುಂದುಂಟೆ? ಹೇಳಿಸುವ ಅಧಿಕಾರವು ಯಾರದು? ಈ ಪ್ರಶ್ನೆಗಳು ಇಂದಿನವೆಂದು ತೋರಿದರೂ ಬಹು ಹಳೆಯವು. ಬೆಳಗಿನ ಗಂಟೆಯಾದೊಡನೆ ನಮ್ಮ ಶಾಲೆಗಳ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು, ಬಲಗೈಯನ್ನು ಮುಂದೆ ಚಾಚಿ, ಪ್ರತಿಜ್ಞೆಯನ್ನು ಒಪ್ಪಿಸುತ್ತಾರೆ. 2023ರಲ್ಲಿ ಕರ್ನಾಟಕ ಸರಕಾರವು ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯ ವಾಚನವನ್ನು ಕಡ್ಡಾಯ ಮಾಡಲು ನಿರ್ಧರಿಸಿತು. ಅದೇ ವರ್ಷದ ಸೆಪ್ಟೆಂಬರ್ 15ರಂದು ರಾಜ್ಯದ ಉದ್ದಗಲಕ್ಕೂ ಸಾಮೂಹಿಕ ವಾಚನ ನಡೆಯಿತು. ಇದರಿಂದ ದೇಶಭಕ್ತಿ ಬೆಳೆಯುವುದೆಂದು ಕೆಲವರು ಸಂತೋಷಪಟ್ಟರೆ, ಗಿಳಿಪಾಠದಿಂದ ಭಕ್ತಿ ಹುಟ್ಟುವುದಿಲ್ಲವೆಂದು ಕೆಲವರು ಆಕ್ಷೇಪಿಸುತ್ತಾರೆ. ಈ ವಾದದಲ್ಲಿ ಚರಿತ್ರೆಯು ಏನು ಸಾಕ್ಷ್ಯ ನುಡಿಯುವುದೆಂಬುದನ್ನು ನಾವು ಈ ಭಾಷಣದಲ್ಲಿ ವಿಚಾರಿಸೋಣ. ಕರಾವಳಿಯ ಬ್ರಹ್ಮಾವರದ ಸೀಮೆಯಲ್ಲಿ ಈ ಸಾಕ್ಷ್ಯವು ಕಲ್ಲಿನ ಮೇಲೆಯೇ ಉಳಿದಿರುವುದರಿಂದ, ಆ ಸೀಮೆಯನ್ನೇ ಮುಖ್ಯವಾಗಿ ಆಧಾರವಾಗಿಟ್ಟುಕೊಳ್ಳೋಣ.

ಮೊದಲು ಘಟ್ಟದ ಮೇಲಣ ಒಂದು ಮಾತು. ನಿಷ್ಠೆಯ ಪ್ರತಿಜ್ಞೆಗೆ ಹಳಗನ್ನಡದಲ್ಲಿ ಹೆಸರುಗಳ ಕೊರತೆಯಿಲ್ಲ. ಒಡೆಯನ ಅನ್ನವನ್ನುಂಡ ಋಣವು ಜೋಳದಪಾಳಿ. ಅವನಿಗಾಗಿ ಪ್ರಾಣವನ್ನೇ ಒಪ್ಪಿಸುವ ಭಾಷೆಯು ವೇಳೆವಾಳಿ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಕುವರ ಲಕ್ಷ್ಮನು ಈ ಭಾಷೆಯನ್ನು ಕಡೆಯವರೆಗೂ ನಡೆಸಿದವನು. ಅವನೂ ಅವನ ಪತ್ನಿಯಾದ ಸುಗ್ಗಲದೇವಿಯೂ ಸಾವಿರ ಮಂದಿ ವೀರರೂ ಒಡೆಯನಿಗಾಗಿ ಆತ್ಮಾರ್ಪಣೆ ಮಾಡಿದ ವೃತ್ತಾಂತವನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಶಾಸನಸ್ತಂಭವು ಹೇಳುತ್ತದೆ. ಅವರ ಎದೆಗಾರಿಕೆಗೆ ತಲೆಬಾಗದವರಾರು! ಆದರೆ ಈ ಪ್ರತಿಜ್ಞೆಯ ರೀತಿಯನ್ನು ಗಮನಿಸಬೇಕು. ಇಲ್ಲಿ ಕೊಡುವವನು ಸೇವಕ, ಪಡೆಯುವವನು ಒಡೆಯ. ನಾಡಾಗಲಿ ನ್ಯಾಯವಾಗಲಿ ಇದರ ನಡುವೆ ಬರುವುದಿಲ್ಲ. ಒಡೆಯನು ಇಲ್ಲವಾದರೆ ಪ್ರತಿಜ್ಞೆ ಮಾಡಿದವನಿಗೆ ಬದುಕುವ ದಾರಿಯೂ ಇಲ್ಲ.

ಇನ್ನು ಘಟ್ಟವನ್ನಿಳಿದು ಕರಾವಳಿಗೆ ಬರೋಣ. ಬ್ರಹ್ಮಾವರದ ಸಮೀಪದಲ್ಲಿ, ಸೀತಾನದಿಯ ಸೀಮೆಯಲ್ಲಿರುವ ಬಾರಕೂರು ಈಗ ಶಾಂತವಾದ ಹಳ್ಳಿ. ಹಿಂದೆ ಆಳುಪರ ರಾಜಧಾನಿ, ಬಳಿಕ ವಿಜಯನಗರದ ಅರಸರ ಕೆಳಗೆ ಬಾರಕೂರು ರಾಜ್ಯವೆಂಬ ಪ್ರಾಂತದ ಮುಖ್ಯಪಟ್ಟಣ. ಪಟ್ಟಣವು ಹತ್ತು ಕೇರಿಗಳಾಗಿ ಹಂಚಿತ್ತು. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಮೊದಲಾದ ಹೆಸರುಗಳು ಶಾಸನಗಳಲ್ಲಿ ದೊರೆಯುತ್ತವೆ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರು ಈ ತುಳುವ ಸೀಮೆಯ ಊರೂರು ತಿರುಗಿ ಇಂತಹ ಶಾಸನಗಳನ್ನೂ ದೇವಾಲಯಗಳನ್ನೂ ಅಭ್ಯಸಿಸಿ 1975ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥವು ವಿದ್ವಾಂಸರಿಗೆ ಇಂದಿಗೂ ಆಧಾರ.

ಈ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ ‘ಹಲರು’. ಹಲರೆಂದರೆ ಹಲವು ಮಂದಿ. ಕೇರಿಯ ವ್ಯವಹಾರವನ್ನು ಕೂಡಿ ನಡೆಸುವ ಪುರಜನರ ಸಭೆ. ದೇವರ ದೀಪಕ್ಕೆ, ಬ್ರಾಹ್ಮಣರ ಊಟಕ್ಕೆ ಯಾರಾದರೂ ಭೂಮಿಯನ್ನೋ ಬಾರಕೂರು ಗದ್ಯಾಣಗಳನ್ನೋ ಬಿಟ್ಟಾಗ, ಆ ಧರ್ಮವನ್ನು ನಡೆಸುವ ಭಾರವು ಎಷ್ಟೋ ವೇಳೆ ಇವರ ಮೇಲೆ ಬೀಳುತ್ತಿತ್ತು. ಶಾಸನದ ಕೊನೆಯಲ್ಲಿ ಬರುವುದು ಶಾಪಾಶಯ: ಈ ಧರ್ಮಕ್ಕೆ ತಪ್ಪಿದವನು ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನೆಂಬುದು ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆಲ್ಲ ಪರಿಚಿತವಾದ ಮಾತು. ಮುಂದೆ ಬರುವ ಅರಸರನ್ನೇ ನೇರವಾಗಿ ಕುರಿತು, ಈ ಧರ್ಮವನ್ನು ನೀವೂ ಪಾಲಿಸಬೇಕೆಂದು ಬೇಡುವ ಶ್ಲೋಕವೂ ಹಲವು ಶಾಸನಗಳಲ್ಲಿ ಉಂಟು.

ಇದರಲ್ಲಿ ಅಡಗಿರುವ ವಿವೇಕವನ್ನು ಕಾಣದೆ ಹೋಗಬಾರದು. ಇಲ್ಲಿಯ ಪ್ರತಿಜ್ಞೆಯು ವ್ಯಕ್ತಿಗೆ ಸಂಬಂಧಿಸಿದ್ದಲ್ಲ, ಕಾರ್ಯಕ್ಕೆ ಸಂಬಂಧಿಸಿದ್ದು: ಇಷ್ಟು ಭೂಮಿ, ಇಷ್ಟು ಅಕ್ಕಿ, ಇಂತಹ ದೀಪ. ತಪ್ಪಿದರೆ ತಪ್ಪೆಂದು ಯಾರು ಬೇಕಾದರೂ ಎಣಿಸಿ ತೋರಿಸಬಹುದು. ಅಷ್ಟೇ ಅಲ್ಲ, ಈ ಕಟ್ಟು ಬಲಿಷ್ಠನಿಗೆ ಹೆಚ್ಚು ಬಿಗಿ. ದೇವರ ಭೂಮಿಯನ್ನು ಕಸಿದುಕೊಳ್ಳುವ ಶಕ್ತಿ ಬಡ ಒಕ್ಕಲಿಗೆ ಎಲ್ಲಿಯದು? ಅದು ಇರುವುದು ಅರಸನಿಗೆ, ಅಧಿಕಾರಿಗೆ, ಹಣವಂತನಿಗೆ. ಆದುದರಿಂದ ಶಾಪದ ಮೊನೆಯೂ ಅವರ ಕಡೆಗೇ ತಿರುಗಿರುತ್ತದೆ.

ಈ ಸೀಮೆಯ ಇನ್ನೊಂದು ರೂಢಿಯನ್ನೂ ಇಲ್ಲಿ ನೆನೆಯಬಹುದು. ಕೊಟ್ಟು ಕೊಂಡ ವ್ಯವಹಾರದಲ್ಲಿ ವ್ಯಾಜ್ಯ ಬಂದು, ಬೇರೆ ದಾರಿಯೆಲ್ಲ ಮುಚ್ಚಿದಾಗ, ಕರಾವಳಿಯ ಜನ ದೇವರ ಅಥವಾ ದೈವದ ಮುಂದೆ ಆಣೆಗೆ ಹೋಗುತ್ತಾರೆ. ಆಣೆಯೆಂದರೆ ಅಳುಕು. ದಿನ ಬೆಳಗಾದರೆ ಮಾಡುವ ಕೆಲಸ ಅದಲ್ಲವಾದುದರಿಂದಲೇ ಅದಕ್ಕೆ ಆ ತೂಕ. ಮಾತುಮಾತಿಗೆ ಆಣೆಯಿಡುವವನ ಮಾತನ್ನು ಹಳ್ಳಿಯಲ್ಲಿ ಯಾರೂ ನಂಬುವುದಿಲ್ಲ.

ನಿಷ್ಠೆಯನ್ನು ಮೇಲಿನಿಂದ ಗೊತ್ತುಮಾಡಿದರೆ ಏನಾಗುವುದೆಂಬುದಕ್ಕೂ ಬ್ರಹ್ಮಾವರವೇ ಉದಾಹರಣೆಯನ್ನು ಕೊಡುತ್ತದೆ. ಇಲ್ಲಿಯ ಕೊಂಕಣಿ ಕ್ರೈಸ್ತರು ಪೋರ್ತುಗಲ್ ದೊರೆಯ ಪೋಷಕತ್ವಕ್ಕೆ ಒಳಪಟ್ಟ ಧರ್ಮಾಧಿಕಾರಕ್ಕೂ ರೋಮಿನಿಂದ ನೇರವಾಗಿ ನಡೆಯುವ ಅಧಿಕಾರಕ್ಕೂ ನಡುವಣ ಜಗಳದಲ್ಲಿ ಸಿಕ್ಕಿಕೊಂಡಿದ್ದರು. 1886ರಲ್ಲಿ ಪೋಪರಿಗೂ ಪೋರ್ತುಗಲ್ಲಿಗೂ ಒಪ್ಪಂದವಾಯಿತು. ಆದರೆ ದೂರದಲ್ಲಿ ಆದ ಒಪ್ಪಂದ ಎಲ್ಲರ ಮನಸ್ಸನ್ನೂ ಒಪ್ಪಿಸಲಿಲ್ಲ. ಗೋವೆಯ ಪಾದ್ರಿ ಆಲ್ವಾರಿಸ್ ಅವರು 1889ರಲ್ಲಿ ಸಿರಿಯನ್ ಸಂಪ್ರದಾಯದಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪರಾದರು. ಬ್ರಹ್ಮಾವರದ ಒಂದು ಸಮುದಾಯವು ಪಾದ್ರಿ ನೊರೊನ್ಹಾ ಅವರೊಡನೆ ಆ ಸಂಪ್ರದಾಯವನ್ನು ಸೇರಿತು. ಅವರ ಇಗರ್ಜಿ ಇಂದಿಗೂ ಅಲ್ಲಿದೆ. ಯಾರದು ಸರಿ ಎಂಬ ಮತವಿಚಾರ ನಮ್ಮದಲ್ಲ. ಅಂತಃಕರಣವು ಒಪ್ಪದ ವಿಧೇಯತೆಯನ್ನು ಅರಸನೂ ಗುರುವೂ ಕೂಡಿದರೂ ಉಳಿಸಿಕೊಳ್ಳಲಾರರೆಂಬುದಷ್ಟೇ ಇಲ್ಲಿ ಗ್ರಾಹ್ಯ.

ಇತರ ದೇಶಗಳ ಅನುಭವವೂ ಇದಕ್ಕೆ ದೂರವಾದುದಲ್ಲ. ಇಂಗ್ಲೆಂಡಿನಲ್ಲಿ 1605ರ ಮದ್ದಿನ ಸಂಚಿನ ಬಳಿಕ, 1606ರಲ್ಲಿ, ಕ್ಯಾಥೊಲಿಕರಿಂದ ರಾಜನಿಷ್ಠೆಯ ಪ್ರಮಾಣವನ್ನು ವಸೂಲು ಮಾಡುವ ಕಾನೂನು ಬಂದಿತು. ಮುಂದೆ ಆ ಶತಮಾನದಲ್ಲಿಯೇ ಕ್ವೇಕರರೆಂಬ ಸಾತ್ವಿಕರು ಆಣೆಯಿಡುವುದೇ ಪಾಪವೆಂದು ತಿಳಿದು ಸೆರೆಮನೆ ಸೇರಿದರು. ಅಮೆರಿಕದಲ್ಲಿ ಫ್ರಾನ್ಸಿಸ್ ಬೆಲ್ಲಮಿಯು 1892ರಲ್ಲಿ ರಚಿಸಿದ ಧ್ವಜಪ್ರತಿಜ್ಞೆಯು ಶಾಲೆಗಳಲ್ಲಿ ಹರಡಿತು. ಅದನ್ನು ಒಲ್ಲದ ಮಕ್ಕಳನ್ನು ಶಾಲೆಯಿಂದ ಹೊರಹಾಕಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1940ರಲ್ಲಿ ಹೇಳಿತು. ಒಲ್ಲೆನೆಂದ ಪಂಗಡದವರ ಮೇಲೆ ಊರೂರುಗಳಲ್ಲಿ ಹಲ್ಲೆಗಳಾದವು. ಮೂರೇ ವರ್ಷಗಳಲ್ಲಿ, 1943ರಲ್ಲಿ, ಮಹಾಯುದ್ಧದ ನಡುವೆಯೇ, ಅದೇ ನ್ಯಾಯಾಲಯವು ತನ್ನ ತೀರ್ಪನ್ನು ತಾನೇ ತಿರುಗಿಸಿ, ಬಲವಂತದ ವಂದನೆ ಸಲ್ಲದೆಂದಿತು.

ನಮ್ಮ ದೇಶದಲ್ಲಿ ಪ್ರತಿಜ್ಞೆಗೂ ಜನವರಿ 26ಕ್ಕೂ ಒಂದು ನಂಟಿದೆ. 1930ರ ಆ ದಿನ ಊರೂರಿನ ಸಭೆಗಳಲ್ಲಿ ಜನರು ಪೂರ್ಣಸ್ವರಾಜ್ಯದ ಪ್ರತಿಜ್ಞೆ ಮಾಡಿದರು. ಆಳುವ ಸರಕಾರದ ದೃಷ್ಟಿಯಿಂದ ಅದು ರಾಜನಿಷ್ಠೆಯಲ್ಲ, ರಾಜದ್ರೋಹ. ಅದನ್ನು ಹೇಳಿದವರಿಗೆ ಕಾದಿದ್ದುದು ಲಾಠಿ ಮತ್ತು ಸೆರೆ. ನಮ್ಮ ಜನತೆಯ ಚರಿತ್ರೆಯಲ್ಲಿ ಅತ್ಯಂತ ತೂಕವುಳ್ಳ ಪ್ರತಿಜ್ಞೆ ಅದೇ ಎಂದರೆ ಅತಿಶಯವಲ್ಲ. ಏಕೆಂದರೆ ಅದನ್ನು ಹೇಳದೆ ಇರುವುದು ಬಹು ಸುಲಭವಾಗಿತ್ತು. 1950ರ ಅದೇ ದಿನ ಸಂವಿಧಾನವು ಜಾರಿಗೆ ಬಂದಿತು. ಅದರ ಮೂರನೆಯ ಅನುಸೂಚಿಯನ್ನು ತೆರೆದು ನೋಡಿದರೆ ಮಂತ್ರಿಗಳಿಗೆ, ಸಂಸತ್ತಿನ ಸದಸ್ಯರಿಗೆ, ನ್ಯಾಯಾಧೀಶರಿಗೆ ಪ್ರಮಾಣವಚನಗಳಿವೆ. ಹುಟ್ಟಿನಿಂದ ಪ್ರಜೆಯಾದವನಿಗೆ ಯಾವುದೂ ಇಲ್ಲ. ಹೊರಗಿನಿಂದ ಬಂದು ಪೌರತ್ವ ಪಡೆಯುವವನಿಂದ 1955ರ ಪೌರತ್ವ ಕಾನೂನು ನಿಷ್ಠೆಯ ಪ್ರಮಾಣವನ್ನು ಕೇಳುತ್ತದೆ. ಆ ನಿಷ್ಠೆಯೂ ಸಂವಿಧಾನಕ್ಕೇ ಹೊರತು ಯಾವ ಆಳುವವನಿಗೂ ಅಲ್ಲ. ಬಾರಕೂರಿನ ಕಲ್ಲುಗಳ ವಿವೇಕವೇ ಇಲ್ಲಿಯೂ ಕೆಲಸ ಮಾಡಿರುವುದನ್ನು ಕಾಣುತ್ತೇವೆ: ಅಧಿಕಾರವುಳ್ಳವನನ್ನು ಮೊದಲು ಕಟ್ಟಬೇಕು.

ಶಾಲೆಯ ಪ್ರತಿಜ್ಞೆ ಬಂದುದು ಅನಂತರ. ಚೀನದೊಡನೆ ಯುದ್ಧ ನಡೆದ 1962ರಲ್ಲಿ, ವಿಶಾಖಪಟ್ಟಣದಲ್ಲಿ ಖಜಾನೆಯ ಅಧಿಕಾರಿಯಾಗಿದ್ದ ಪೈಡಿಮರ್ರಿ ವೆಂಕಟ ಸುಬ್ಬರಾವ್ ಅವರು ಅದನ್ನು ತೆಲುಗಿನಲ್ಲಿ ಬರೆದರು. 1964ರಲ್ಲಿ ಎಂ. ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ನಮ್ಮ ಬೆಂಗಳೂರಿನಲ್ಲೇ ಸೇರಿದ ಕೇಂದ್ರ ಶಿಕ್ಷಣ ಸಲಹಾ ಮಂಡಲಿಯು ಅದನ್ನು ಎಲ್ಲ ಶಾಲೆಗಳಿಗೂ ವಿಸ್ತರಿಸಲು ಸೂಚಿಸಿತು. 1965ರ ಜನವರಿ 26ರಿಂದ ಅದು ರೂಢಿಗೆ ಬಂದಿತು. ಅದರ ಆಶಯ ಉದಾರವಾದುದೆಂದು ಒಪ್ಪಬೇಕು. ಎಲ್ಲ ಭಾರತೀಯರೂ ಸಹೋದರ ಸಹೋದರಿಯರೆಂದು ಅದು ಹೇಳಿಸುತ್ತದೆ. ನಿಷ್ಠೆಯನ್ನು ದೇಶಕ್ಕೂ ಜನರಿಗೂ ಕೊಡಿಸುತ್ತದೆಯೇ ಹೊರತು ಸರಕಾರಕ್ಕಲ್ಲ.

ಪ್ರತಿಜ್ಞೆ ಬೇಕೆನ್ನುವವರ ವಾದವನ್ನು ಹಗುರವಾಗಿ ತಳ್ಳಲಾಗದು. ಬ್ರಹ್ಮಾವರದ ಒಂದು ಶಾಲೆಯ ಸಾಲಿನಲ್ಲಿ ಮನೆಯಲ್ಲಿ ಕುಂದಗನ್ನಡವಾಡುವ ಮಗು, ತುಳುವಾಡುವ ಮಗು, ಕೊಂಕಣಿಯ ಮಗು, ಉರ್ದುವಿನ ಮಗು ಒಟ್ಟಿಗೆ ನಿಂತಿರುವುದುಂಟು. ಇವರೆಲ್ಲರೂ ದಿನಕ್ಕೊಮ್ಮೆ ಒಂದೇ ಉಸಿರಿನಲ್ಲಿ ಒಂದೇ ಮಾತನ್ನು ಹೇಳುವುದರಲ್ಲಿ ಸೊಬಗೂ ಉಂಟು, ಪ್ರಯೋಜನವೂ ಉಂಟು. ಬಾಲ್ಯದಲ್ಲಿ ಅರ್ಥವಾಗದೆ ಕಲಿತದ್ದು ಪ್ರಾಯದಲ್ಲಿ ಅರ್ಥ ಬಿಟ್ಟುಕೊಡುವುದು ಎಲ್ಲ ವಿದ್ಯೆಯಲ್ಲಿಯೂ ಕಂಡದ್ದೇ. ಆದರೆ ಆ ಸಾಲಿನಲ್ಲಿ ಒಂದು ಮಗು ಬಾಯಿ ತೆರೆಯದಿದ್ದರೆ ಮಾಡತಕ್ಕದ್ದೇನು? ಕಷ್ಟವಿರುವುದು ಇಲ್ಲಿಯೇ.

ಈ ಕಷ್ಟವು ನೆರೆಯ ಕೇರಳದಲ್ಲಿ ನಿಜವಾಗಿಯೇ ಒದಗಿತು. 1985ರಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆಯಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರೂ ಹಾಡುವುದಿಲ್ಲವೆಂಬ ಕಾರಣಕ್ಕೆ ಶಾಲೆಯಿಂದ ಹೊರಹಾಕಲ್ಪಟ್ಟರು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಮತ್ತು ನ್ಯಾಯಮೂರ್ತಿ ದತ್ತ ಅವರ ಪೀಠವು, ಎದ್ದು ನಿಂತುದರಲ್ಲಿಯೇ ಗೌರವವಿದೆ, ಹಾಡಲೇಬೇಕೆಂಬ ಕಾನೂನಿಲ್ಲ ಎಂದು ತೀರ್ಮಾನಿಸಿ ಅವರನ್ನು ಮರಳಿ ಸೇರಿಸಿಕೊಳ್ಳಲು ಆಜ್ಞಾಪಿಸಿತು. ಗೀತೆಗೆ ಹೇಳಿದುದು ಪ್ರತಿಜ್ಞೆಗೂ ನ್ಯಾಯವೆಂದು ನಮಗೆ ತೋರುತ್ತದೆ.

ಇಷ್ಟು ಸಾಕ್ಷ್ಯವನ್ನು ಕೂಡಿಸಿ ನೋಡಿದರೆ ನಮ್ಮ ಅಭಿಪ್ರಾಯವು ಹೀಗೆ. ಪ್ರತಿಜ್ಞೆ ಇರಲಿ, ಪೀಠಿಕೆಯ ವಾಚನವೂ ಇರಲಿ. ಪೀಠಿಕೆಯಲ್ಲಂತೂ ಜನರು ತಮಗೆ ತಾವೇ ಸಂವಿಧಾನವನ್ನು ಕೊಟ್ಟುಕೊಳ್ಳುವುದರಿಂದ ಅದು ಒಬ್ಬರು ಇನ್ನೊಬ್ಬರಿಗೆ ಅಡಿಯಾಗುವ ಮಾತಲ್ಲ. ಆದರೆ ಹೇಳದೆ ಮೌನವಾಗಿ ನಿಂತವನನ್ನು ದಂಡಿಸುವ ನಿಯಮ ಬೇಡ. ದಂಡದ ಭಯದಿಂದ ಹೇಳಿದ ಮಾತಿಗೂ ಮನಸ್ಸಿನಿಂದ ಹೇಳಿದ ಮಾತಿಗೂ ಕಿವಿಗೆ ಭೇದ ತಿಳಿಯುವುದಿಲ್ಲ. ಆದುದರಿಂದ ಬಲವಂತವಿರುವ ಕಡೆ ನಿಷ್ಠಾವಂತರಾರು, ಅಂಜಿದವರಾರು ಎಂಬುದು ರಾಜ್ಯಕ್ಕೂ ಗೊತ್ತಾಗದೆ ಹೋಗುತ್ತದೆ. ಉಪಾಧ್ಯಾಯರು ವಾರಕ್ಕೊಮ್ಮೆಯಾದರೂ ಪ್ರತಿಜ್ಞೆಯ ಒಂದು ಮಾತನ್ನೆತ್ತಿಕೊಂಡು ಅದರಂತೆ ನಡೆಯುವುದೆಂದರೇನು ಎಂಬುದನ್ನು ಮಕ್ಕಳೊಡನೆ ಚರ್ಚಿಸಲಿ. ಸಹೋದರರೆಂದು ಬೆಳಗ್ಗೆ ಹೇಳಿದವರು ಮಧ್ಯಾಹ್ನ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆ ಆ ಮಾತಿಗೆ ಅರ್ಥ ಬಂದಂತಾಯಿತು. ಇನ್ನು, ಪ್ರಮಾಣವಚನ ಸ್ವೀಕರಿಸಿ ಅಧಿಕಾರಕ್ಕೆ ಬಂದವರು ಅದರಂತೆ ನಡೆಯುತ್ತಿರುವರೆ ಎಂದು ವಿಚಾರಿಸುವುದು ಹಲರ ಕೆಲಸ. ಬಾರಕೂರಿನ ಕೇರಿಗಳಲ್ಲಿ ಅಂದು ಹಾಗೆ ನೋಡಿಕೊಳ್ಳುವವರಿದ್ದರು. ಇಂದು ಆ ಹಲರು ನಾವೇ.