ಹುಡುಕುಪದವಾಗಿ ‘ಚಿಕ್ಕಮಗಳೂರು’

‘ಚಿಕ್ಕ’, ‘ಮಗಳು’, ‘ಊರು’ ಎಂಬ ಮೂರು ಕನ್ನಡ ಪದಗಳು ಕೂಡಿ ಆದ ಈ ಹೆಸರನ್ನು, ಸಖರಾಯಪಟ್ಟಣದ ಅರಸ ರುಕ್ಮಾಂಗದನು ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರೆಂದು ಐತಿಹ್ಯವು ವಿವರಿಸುತ್ತದೆ. ಪಕ್ಕದ ಹಿರೇಮಗಳೂರಿನ ಹೆಸರು ಅದಕ್ಕೆ ಒತ್ತಾಸೆಯಾಗಿದೆ. ರೋಮನ್ ಲಿಪಿಯಲ್ಲಿ ಬಹುಕಾಲ ‘ಚಿಕ್‌ಮಗಳೂರ್’ ಎಂದು ಮೊಟಕಾಗಿದ್ದ ಹೆಸರು 2014ರ ನವೆಂಬರ್ 1ರಂದು ಕನ್ನಡದ ಉಚ್ಚಾರಣೆಗೆ ಮರಳಿತಾದರೂ, 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿನ ಅರೇಬಿಕಾ ಕಾಫಿಯು ಹಳೆಯ ಕಾಗುಣಿತದಲ್ಲಿಯೇ ನೋಂದಣಿಯಾಗಿದೆ.

ಅಂತರ್ಜಾಲದ ವ್ಯಾಪಾರದಲ್ಲಿ ಈ ಎರಡು ರೂಪಗಳಿಗೂ ಬೆಲೆಯಿದೆ. ಗ್ರಾಹಕರು ಗೂಗಲ್‌ನಂತಹ ಶೋಧಯಂತ್ರದಲ್ಲಿ ಟೈಪಿಸುವ ಮಾತನ್ನು ಹುಡುಕುಪದ ಅಥವಾ ಕೀವರ್ಡ್ ಎನ್ನುತ್ತಾರೆ. ಆ ಮಾತಿಗೆ ತಮ್ಮ ಪುಟ ಮೇಲೆ ಬರುವಂತೆ ಶೀರ್ಷಿಕೆ, ವಿವರಣೆ, ಚಿತ್ರಗಳ ಹೆಸರುಗಳನ್ನು ಹೊಂದಿಸುವ ಕೆಲಸವೇ ಎಸ್‌ಇಒ. ಶೋಧಯಂತ್ರವು ಸಾಮಾನ್ಯವಾಗಿ ಎರಡೂ ಕಾಗುಣಿತಗಳು ಒಂದೇ ಊರಿನವೆಂದು ಅರಿಯುತ್ತದೆ, ಆದರೆ ಸಾಮಾಜಿಕ ಜಾಲತಾಣದ ಹ್ಯಾಷ್‌ಟ್ಯಾಗ್ ಅಕ್ಷರಕ್ಕೆ ಅಕ್ಷರ ಹೊಂದಿದರಷ್ಟೇ ಕೂಡುವುದರಿಂದ, ಅಲ್ಲಿ ಒಂದೇ ಊರು ಎರಡಾಗುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಕಾಫಿ ಹೂವಿನ ಚಿತ್ರ ಕಂಡವರು ಬಳಿಕ ಗೂಗಲ್‌ನಲ್ಲಿ ಹೋಂಸ್ಟೇ ಅರಸುವುದುಂಟಾದ್ದರಿಂದ, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಹೋಂಸ್ಟೇಯವರು ಎರಡೂ ಕಡೆ ಎರಡೂ ರೂಪಗಳನ್ನು, ಅವುಗಳ ಜೊತೆಗೆ ಕನ್ನಡ ಲಿಪಿಯ ರೂಪವನ್ನೂ ಬಳಸುವುದು ಯುಕ್ತ. ಕನ್ನಡದಲ್ಲಿ ಹುಡುಕುವವರನ್ನು ಗ್ರಾಹಕರೆಂದು ಎಣಿಸದಿರುವುದು ವ್ಯಾಪಾರಕ್ಕೂ ನುಡಿಗೂ ನಷ್ಟ.

ಅದೇ ಜಿಲ್ಲೆಯ ‘ಕಳಸ’ ಎಂಬ ಊರಿನ ಹೆಸರಿನ ತೊಡಕು ಬೇರೆ ಬಗೆಯದು: ಗೋಪುರದ ತುದಿಗೂ ಪೂಜೆಯ ಕೊಡಕ್ಕೂ ಅದೇ ಹೆಸರಿರುವುದರಿಂದ, ಅಲ್ಲಿನ ಕಾಫಿಪುಡಿ ಮಾರುವವರು ‘ಕಾಫಿ’ ಅಥವಾ ನೆರೆಯೂರಾದ ‘ಹೊರನಾಡು’ ಎಂಬ ಮಾತನ್ನು ಜೊತೆಗಿಡಬೇಕಾಗುತ್ತದೆ.