ಅಪರಾಧವೆನಿಸಿದ್ದ ಅಳಲು

‘ಆತ್ಮಹತ್ಯೆ’ ಎಂಬ ಪದದ ಒಡಲಲ್ಲೇ ‘ಹತ್ಯೆ’ ಇದೆ. ಹತ್ಯೆಯೆಂದ ಮೇಲೆ ಅಪರಾಧಿಯೂ ಇರಬೇಕೆಂಬ ಭಾವನೆ ಸಹಜವಾಗಿ ಹುಟ್ಟುತ್ತದೆ. ನಮ್ಮ ದೇಶದ ಕಾನೂನು ಕೂಡ ಒಂದೂವರೆ ಶತಮಾನ ಹೀಗೆಯೇ ಯೋಚಿಸಿತು. ಆ ಯೋಚನೆ ಬದಲಾದ ಚರಿತ್ರೆಯಲ್ಲಿ, ನಾವು ಬದುಕು ಕಟ್ಟಿಕೊಂಡಿರುವ ಪುಣೆಗೂ ಒಂದು ಪಾಲಿದೆ.

1860ರ ಭಾರತೀಯ ದಂಡಸಂಹಿತೆಯ 309ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದವರಿಗೆ ಒಂದು ವರ್ಷದವರೆಗಿನ ಸೆರೆವಾಸವನ್ನೋ ದಂಡವನ್ನೋ ವಿಧಿಸಿತ್ತು. ಇಂಗ್ಲೆಂಡು ತನ್ನ ನೆಲದಲ್ಲಿ ಇಂಥ ಕಾನೂನನ್ನು 1961ರಲ್ಲಿ ಕೈಬಿಟ್ಟಿತು. ಇಲ್ಲಿ ಅದು ಉಳಿಯಿತು. 1971ರಲ್ಲಿ ಕಾನೂನು ಆಯೋಗವೇ ರದ್ದತಿಗೆ ಶಿಫಾರಸು ಮಾಡಿದರೂ ಕಲಮು ಕದಲಲಿಲ್ಲ. ಪೊಲೀಸರ ಭಯಕ್ಕೆ ಮನೆಯವರು ನಡೆದದ್ದನ್ನು ಮುಚ್ಚಿಟ್ಟರು. ಬದುಕುಳಿದವರಿಗೆ ಬೇಕಾಗಿದ್ದ ಆರೈಕೆ ಆ ಮೌನದಲ್ಲಿ ಕಳೆದುಹೋಯಿತು.

1986ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ, ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದ ಪೊಲೀಸ್ ಪೇದೆಯೊಬ್ಬರ ಪ್ರಕರಣ ಬಂತು. ನ್ಯಾಯಮೂರ್ತಿ ಪಿ. ಬಿ. ಸಾವಂತರಿದ್ದ ಪೀಠ ಈ ಕಲಮು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಮುಂದೆ ಸರ್ವೋಚ್ಚ ನ್ಯಾಯಾಲಯಕ್ಕೂ ಏರಿದ ಸಾವಂತರು 2021ರಲ್ಲಿ ಪುಣೆಯಲ್ಲಿ ನಿಧನರಾದರು. 1994ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದೇ ಹಾದಿ ಹಿಡಿಯಿತಾದರೂ, 1996ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಕಲಮನ್ನು ಮತ್ತೆ ಊರ್ಜಿತಗೊಳಿಸಿತು.

ಉಳಿದ ದಾರಿಯನ್ನು ಶಾಸಕಾಂಗವೇ ಕ್ರಮಿಸಬೇಕಾಯಿತು. ಇಲ್ಲಿನ ಐ.ಎಲ್.ಎಸ್. ಕಾನೂನು ಕಾಲೇಜಿನಲ್ಲಿ ಬೆಳೆದ ಮಾನಸಿಕ ಆರೋಗ್ಯ ಕಾನೂನು ಮತ್ತು ನೀತಿ ಕೇಂದ್ರದ ಮನೋವೈದ್ಯ ಡಾ. ಸೌಮಿತ್ರ ಪಠಾರೆಯವರು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಕರಡು ರಚನೆಯಲ್ಲಿ ನೆರವಾದರು. 2018ರಲ್ಲಿ ಜಾರಿಗೆ ಬಂದ ಆ ಕಾಯಿದೆಯ 115ನೆಯ ಕಲಮಿನ ಪ್ರಕಾರ, ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಕೂಡದು, ಅವರ ಆರೈಕೆ ಸರ್ಕಾರದ ಹೊಣೆ. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಕಲಮೇ ಇಲ್ಲ. ಸರ್ಕಾರಿ ಸೇವಕರನ್ನು ಮಣಿಸಲು ಮಾಡುವ ಯತ್ನವಷ್ಟೇ ಅಪರಾಧವಾಗಿ ಉಳಿದಿದೆ.

ಕಾನೂನು ಬದಲಾಯಿತು, ಆದರೆ ಮನೆಯ ನ್ಯಾಯಪೀಠ ಇನ್ನೂ ಬದಲಾಗಬೇಕಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ, 2022ರಲ್ಲಿ ಹೀಗೆ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044. ಕಾರಣ ಒಂದೇ ಇರುವುದಿಲ್ಲ. ಓದು, ಸಾಲ, ಪ್ರೇಮ, ಅವಮಾನ, ಖಿನ್ನತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಬೆಳಗಾವಿ, ವಿಜಯಪುರ, ಕಲಬುರಗಿಗಳಿಂದ ಓದಲು ಬಂದು ಪುಣೆಯ ಹಾಸ್ಟೆಲು ಸೇರಿದ ಮಕ್ಕಳಿಗೆ ಇದರ ಮೇಲೆ ಒಂಟಿತನವೂ ಸೇರುತ್ತದೆ. ಅಂಥವರು ಬಾಯಿಬಿಟ್ಟಾಗ ನಾವು ಸಾಮಾನ್ಯವಾಗಿ ಆಡುವ ಮಾತು, ‘ನಿನಗೇನು ಕಡಿಮೆಯಾಗಿದೆ?’ ಇದು ಪ್ರಶ್ನೆಯ ವೇಷದ ತೀರ್ಪು.

ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ಬದಲಿಗೆ ಎದೆಯ ಭಾರ ಇಳಿಯಲು ದಾರಿಯಾಗುತ್ತದೆ. ‘ನಾನು ಎಲ್ಲರಿಗೂ ಹೊರೆ’ ಎಂಬ ಮಾತು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಗೆಳೆಯರಿಂದ ದೂರ ಸರಿಯುವುದು, ನಿದ್ರೆ ಕೆಡುವುದು ಇವನ್ನು ನಾವು ಹಗುರವಾಗಿ ಕಾಣಬಾರದು. ಕೇಳಿದ ಮೇಲೆ ಉಪದೇಶಕ್ಕಿಳಿಯದೆ ಆಲಿಸಬೇಕು. ಗುಟ್ಟಾಗಿಡುವ ವಚನ ಕೊಡದೆ ವೈದ್ಯರ ಬಳಿಗೆ ಜೊತೆಯಾಗಿ ಹೋಗಬೇಕು. ಅಪಾಯ ಹತ್ತಿರವಿದೆಯೆನಿಸಿದರೆ ಒಂಟಿಯಾಗಿ ಬಿಡಲೇಬಾರದು.

ಆಲಿಸುವುದನ್ನೇ ಕಾಯಕವಾಗಿಸಿಕೊಂಡ ‘ಕನೆಕ್ಟಿಂಗ್’ ಸಂಸ್ಥೆ 2005ರಿಂದ ಪುಣೆಯಲ್ಲಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಹೊರನಾಡಿನಲ್ಲಿರುವ ನಮಗೆ ಮಕ್ಕಳು ಕನ್ನಡದಲ್ಲೇ ಮಾತಾಡಲಿ ಎಂಬ ಹಂಬಲವಿದೆ. ಅದು ಸರಿಯೇ. ಆದರೆ ಇಲ್ಲೇ ಹುಟ್ಟಿ ಬೆಳೆದ ಮಗಳಿಗೆ ತನ್ನ ನೋವನ್ನು ಹೇಳಲು ಮರಾಠಿಯೋ ಇಂಗ್ಲಿಷೋ ಸುಲಭವೆನಿಸಬಹುದು. ಆ ಹೊತ್ತಿನಲ್ಲಿ ಭಾಷೆಯನ್ನು ತಿದ್ದದೆ, ಅವಳು ಹೇಳುವಷ್ಟನ್ನೂ ಕೇಳಿಸಿಕೊಳ್ಳೋಣ.